ಸಾವಿರ ಸಿನಿಮಾ ಮಾಡಿದವಳ ಹೆಸರು

2024ರ ಜುಲೈ 26. ಪ್ಯಾರಿಸ್ ಒಲಿಂಪಿಕ್ಸಿನ ಉದ್ಘಾಟನೆ. ಅಲ್ಲಿ ಸಂಜೆಯ ಹೊತ್ತು, ನಮ್ಮಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಸೇನ್ ನದಿಯ ಮೇಲೆ ಮಳೆ ಸುರೀತಾ ಇತ್ತು. ದೋಣಿಗಳಲ್ಲಿ ಕ್ರೀಡಾಪಟುಗಳು ರೇನ್‌ಕೋಟ್ ಹಾಕಿಕೊಂಡು ಕೈ ಬೀಸ್ತಾ ಇದ್ದರು. ನಡುವೆ ಒಂದು ಕಡೆ ನದಿಯ ದಡದಲ್ಲಿ ಚಿನ್ನದ ಬಣ್ಣದ ಪ್ರತಿಮೆಗಳು ಒಂದೊಂದಾಗಿ ಮೇಲೆದ್ದು ಬಂದವು. ಒಟ್ಟು ಹತ್ತು, ಹತ್ತೂ ಫ್ರಾನ್ಸಿನ ಹೆಣ್ಣುಮಕ್ಕಳದು. ಸಿಮೋನ್ ದ ಬೋವಾ ಹೆಸರು ನಮಗೆ ಗೊತ್ತು. ಸಿಮೋನ್ ವೇಯ್ ಹೆಸರನ್ನೂ ಕೆಲವರು ಕೇಳಿರಬಹುದು. ಆ ಹತ್ತರಲ್ಲಿ ಒಬ್ಬಳು ಆಲಿಸ್ ಗೀ. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದರೆ ಅದು ‘ಗೈ’ ಅನ್ನಿಸುತ್ತೆ, ಫ್ರೆಂಚರ ಬಾಯಲ್ಲಿ ‘ಗೀ’.

ಈ ಆಲಿಸ್ ಗೀ ಯಾರು ಅಂತ ಕೇಳಿದರೆ ಸಿನಿಮಾ ಬಗ್ಗೆ ಗಂಟೆಗಟ್ಟಲೆ ಮಾತಾಡುವವರೂ ಸ್ವಲ್ಪ ತಡವರಿಸುತ್ತಾರೆ. ನಾನೂ ತಡವರಿಸಿದವನೇ. ಸಿನಿಮಾ ಹುಟ್ಟಿದ ಕಥೆಯನ್ನು ನಾವೆಲ್ಲ ಒಂದೇ ಥರ ಕಲಿತಿದ್ದೇವೆ. ಮೊದಲು ಲೂಮಿಯೇರ್ ಸಹೋದರರು, ಆಮೇಲೆ ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿದ ಜಾರ್ಜ್ ಮೆಲಿಯೆಸ್, ಆಮೇಲೆ ಅಮೆರಿಕದ ಗ್ರಿಫಿತ್, ಚಾಪ್ಲಿನ್. ಈ ಸಾಲಿನಲ್ಲಿ ಒಬ್ಬ ಹೆಂಗಸೂ ಇಲ್ಲ. ಆದರೆ 1896ರ ಸುಮಾರಿಗೆ ಕ್ಯಾಮೆರಾ ಹಿಂದೆ ನಿಂತು, 1920ರವರೆಗೆ ಎರಡು ದೇಶಗಳಲ್ಲಿ ಸುಮಾರು ಸಾವಿರ ಸಿನಿಮಾಗಳನ್ನು ಮಾಡಿದ, ಮಾಡಿಸಿದ, ತನ್ನದೇ ಸ್ಟುಡಿಯೊ ಕಟ್ಟಿದ ಹೆಂಗಸೊಬ್ಬಳು ಇದ್ದಳು. ಅವಳ ಹೆಸರು ಇತಿಹಾಸದಿಂದ ಬಿಟ್ಟುಹೋಯಿತು. ಅದು ಹೇಗೆ ಬಿಟ್ಟುಹೋಯಿತು ಅನ್ನೋದೇ ಈ ಬರಹ.

ಆಲಿಸ್ ಹುಟ್ಟಿದ್ದು 1873ರ ಜುಲೈ 1ರಂದು, ಪ್ಯಾರಿಸ್ ಪಕ್ಕದ ಸೇಂಟ್ ಮಾಂದೆಯಲ್ಲಿ. ಐದು ಮಕ್ಕಳಲ್ಲಿ ಕೊನೆಯವಳು. ಅಪ್ಪ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಪುಸ್ತಕದಂಗಡಿಗಳನ್ನು ಇಟ್ಟಿದ್ದ. ಕೂಸನ್ನು ಸ್ವಿಟ್ಜರ್ಲೆಂಡಿನಲ್ಲಿದ್ದ ಅಜ್ಜಿಯ ಮಡಿಲಿಗೆ ಹಾಕಿ ಅಮ್ಮ ಚಿಲಿಗೆ ಹೋದಳು. ಮೂರ್ನಾಲ್ಕು ವರ್ಷ ಅಜ್ಜಿಯ ಮನೆ, ಆಮೇಲೆ ಚಿಲಿ, ಅಲ್ಲಿಂದ ಮತ್ತೆ ಫ್ರಾನ್ಸಿನ ಕಾನ್ವೆಂಟ್ ಶಾಲೆ. ಬುದ್ಧಿ ಬಲಿಯುವ ಹೊತ್ತಿಗೆ ಅಪ್ಪನ ವ್ಯಾಪಾರ ಮುಳುಗಿತ್ತು. 1891ರಲ್ಲಿ ಅಪ್ಪ ತೀರಿಕೊಂಡ. ಮನೆಯಲ್ಲಿ ಅಮ್ಮ, ಕೈಯಲ್ಲಿ ಕಾಸಿಲ್ಲ. ಹುಡುಗಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತಳು. ಅದು ಆಗಿನ ಕಾಲಕ್ಕೆ ಹೊಸ ವಿದ್ಯೆ. ನಮ್ಮಲ್ಲೂ ಒಂದು ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳು ಇದೇ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬಾಗಿಲಿನಿಂದಲೇ ಮನೆಯಿಂದ ಹೊರಗೆ ಬಂದವರು, ಅಲ್ವಾ?

1894ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಕ್ಯಾಮೆರಾ ಮತ್ತು ಲೆನ್ಸು ಮಾರುವ ಕಂಪನಿಯೊಂದರಲ್ಲಿ ಆಲಿಸ್ ಕಾರ್ಯದರ್ಶಿಯಾಗಿ ಸೇರಿದಳು. ಅಲ್ಲಿ ಲಿಯೋನ್ ಗೋಮೋಂ ಅನ್ನುವವನು ಕೆಲಸ ಮಾಡ್ತಾ ಇದ್ದ. ಮರುವರ್ಷ ಪೇಟೆಂಟಿನ ಕೇಸೊಂದರಲ್ಲಿ ಕಂಪನಿಯ ಯಜಮಾನ ಜಾಗ ಖಾಲಿ ಮಾಡಬೇಕಾಗಿ ಬಂದಾಗ ಗೋಮೋಂ ಕೆಲವರನ್ನು ಜತೆಗಿಟ್ಟುಕೊಂಡು ಕಂಪನಿಯನ್ನೇ ಕೊಂಡುಕೊಂಡ. ಹಾಗೆ ದುಡ್ಡು ಹಾಕಿದವರಲ್ಲಿ ಐಫೆಲ್ ಗೋಪುರದ ಗುಸ್ತಾವ್ ಐಫೆಲ್ ಕೂಡ ಒಬ್ಬ. ಆ ಗೋಮೋಂ ಕಂಪನಿ ಇವತ್ತಿಗೂ ಇದೆ. ಈಗಲೂ ನಡೀತಿರುವ ಸಿನಿಮಾ ಕಂಪನಿಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು.

1895ರ ಮಾರ್ಚ್ 22ರಂದು ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ವಿದ್ವಾಂಸರು, ಉದ್ಯಮಿಗಳ ಸಭೆಯೊಂದರಲ್ಲಿ ತಮ್ಮ ಹೊಸ ಯಂತ್ರವನ್ನು ತೋರಿಸಿದರು. ಟಿಕೆಟ್ ಇಟ್ಟು ಜನರಿಗೆ ತೋರಿಸಿದ ಆ ಪ್ರಸಿದ್ಧ ಪ್ರದರ್ಶನಕ್ಕೆ ಇನ್ನೂ ಒಂಬತ್ತು ತಿಂಗಳು ಇತ್ತು. ಗೋಮೋಂ ಆ ಸಭೆಗೆ ಹೋದ, ಜತೆಗೆ ಆಲಿಸಳೂ ಹೋದಳು. ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಕಾರ್ಖಾನೆಯ ಕೆಲಸಗಾರರು ಗೇಟಿನಿಂದ ಹೊರಗೆ ಬಂದರು. ಎಲ್ಲರೂ ಬೆರಗಾದರು.

ಆಲಿಸಳಿಗೆ ಬೆರಗಿನ ಜತೆ ಇನ್ನೊಂದು ಯೋಚನೆಯೂ ಬಂತು. ರೈಲು ಬಂತು, ಸೈನಿಕರು ನಡೆದರು, ಜನ ಗೇಟು ದಾಟಿದರು, ಸರಿ. ಇದರಲ್ಲಿ ಕಥೆ ಯಾಕೆ ಹೇಳಬಾರದು? ಬೆಳೆದದ್ದು ಪುಸ್ತಕ ಮಾರುವವನ ಮನೆಯಲ್ಲಿ, ಹವ್ಯಾಸಿ ನಾಟಕಗಳ ರುಚಿಯೂ ಹತ್ತಿತ್ತು. ಗೋಮೋಂಗೆ ಕ್ಯಾಮೆರಾ ಮಾರುವುದೇ ಮುಖ್ಯ. ಅವನ ಲೆಕ್ಕದಲ್ಲಿ ಸಿನಿಮಾ ಅನ್ನೋದು ಗಿರಾಕಿಗೆ ಕ್ಯಾಮೆರಾ ಹೇಗೆ ಓಡುತ್ತೆ ಅಂತ ತೋರಿಸುವ ಸ್ಯಾಂಪಲ್ಲು. ಒಂದೆರಡು ಪುಟ್ಟ ದೃಶ್ಯ ಮಾಡಿ ನೋಡ್ತೀನಿ ಅಂತ ಆಲಿಸ್ ಕೇಳಿದಾಗ ಅವನು ಒಪ್ಪಿದ, ಆದರೆ ಒಂದು ಷರತ್ತು. ಆಫೀಸಿನ ಕೆಲಸಕ್ಕೆ ತೊಂದರೆ ಆಗಬಾರದು. ಅಂದರೆ, ಪತ್ರ ಟೈಪ್ ಮಾಡಿ ಮುಗಿಸು, ಆಮೇಲೆ ಬೇಕಾದರೆ ಸಿನಿಮಾ ಮಾಡು! ಆಟದ ಸಾಮಾನಿನ ಥರ ಕಾಣ್ತಿದ್ದದ್ದಕ್ಕೆ ಒಬ್ಬ ಹುಡುಗಿಯನ್ನು ಬಿಟ್ಟರೆ ನಷ್ಟವೇನು ಅಂತ ಅವನಿಗೆ ಅನ್ನಿಸಿರಬೇಕು. ಅದರಲ್ಲಿ ದುಡ್ಡಿದೆ ಅಂತ ಗೊತ್ತಿದ್ದಿದ್ದರೆ ಆ ಅವಕಾಶ ಅವಳವರೆಗೆ ಬರ್ತಾನೇ ಇರಲಿಲ್ಲ.

ಆ ಮೊದಲ ಸಿನಿಮಾ ‘ಎಲೆಕೋಸಿನ ಯಕ್ಷಿಣಿ’. ಮಗು ಎಲ್ಲಿಂದ ಬಂತು ಅಂತ ಮಕ್ಕಳು ಕೇಳಿದರೆ ನಮ್ಮಲ್ಲಿ ದೇವರು ಕೊಟ್ಟ ಅಂತೀವಿ, ಆಸ್ಪತ್ರೆಯಿಂದ ತಂದ್ವಿ ಅಂತೀವಿ. ಫ್ರಾನ್ಸಿನಲ್ಲಿ ಗಂಡು ಮಕ್ಕಳು ಎಲೆಕೋಸಿನಲ್ಲಿ, ಹೆಣ್ಣು ಮಕ್ಕಳು ಗುಲಾಬಿಯಲ್ಲಿ ಹುಟ್ಟುತ್ತಾರೆ ಅಂತ ಹೇಳುವ ರೂಢಿ. ಆಲಿಸ್ ಆ ಮಾತನ್ನೇ ಕಣ್ಣಿಗೆ ಕಾಣುವ ಹಾಗೆ ಮಾಡಿದಳು. ದೊಡ್ಡ ದೊಡ್ಡ ಎಲೆಕೋಸುಗಳ ತೋಟ, ಅಲ್ಲೊಬ್ಬ ಯಕ್ಷಿಣಿ. ಅವಳು ನಗುತ್ತಾ ಬಂದು ಕೋಸಿನ ಹಿಂದಿನಿಂದ ಒಂದೊಂದೇ ಮಗುವನ್ನು ಎತ್ತಿ ತೋರಿಸುತ್ತಾಳೆ. ಒಟ್ಟು ಒಂದು ನಿಮಿಷದ ಆಟ. ಇದು 1896ರಲ್ಲಿ ಆದದ್ದು ಅಂತ ಆಲಿಸ್ ಕೊನೆಯವರೆಗೂ ಹೇಳಿದಳು.

ಇಲ್ಲಿ ಸ್ವಲ್ಪ ನಿಲ್ಲೋಣ. ಯಾಕಂದರೆ ಇಂಟರ್‌ನೆಟ್ಟಿನಲ್ಲಿ ಆಲಿಸ್ ಬಗ್ಗೆ ಬರೆಯುವ ಎಲ್ಲರೂ ‘ಪ್ರಪಂಚದ ಮೊದಲ ಕಥಾಚಿತ್ರ ಮಾಡಿದವಳು’ ಅಂತ ಬರೆದು ಮುಂದೆ ಹೋಗ್ತಾರೆ. ವಿಷಯ ಅಷ್ಟು ಸರಳವಾಗಿಲ್ಲ. ತೋಟದ ಮಾಲಿಯ ನೀರಿನ ಪೈಪನ್ನು ಹುಡುಗನೊಬ್ಬ ಕಾಲಲ್ಲಿ ಮೆಟ್ಟಿ, ಮಾಲಿ ಪೈಪಿನೊಳಗೆ ಇಣುಕಿದಾಗ ಕಾಲು ತೆಗೆಯುವ ಲೂಮಿಯೇರ್ ಸಿನಿಮಾ 1895ರದೇ, ಅದೂ ಕಥೆಯೇ. ಅಲ್ಲದೆ ಈಗ ನೋಡಲು ಸಿಗುವ ಎಲೆಕೋಸಿನ ಚಿತ್ರ 1900ರದು ಅಂತ ಸಂಶೋಧಕರು ಹೇಳ್ತಾರೆ. ಅದೇ ಕಥೆಯನ್ನು ಸ್ವಲ್ಪ ಬೆಳೆಸಿ, ಮಗು ಕೊಳ್ಳಲು ಬರುವ ದಂಪತಿಗಳನ್ನು ಸೇರಿಸಿ ಅವಳು 1902ರಲ್ಲಿ ಇನ್ನೊಂದು ಚಿತ್ರ ಮಾಡಿದ್ದಾಳೆ. ಹಾಗಾಗಿ ಮುದುಕಿಗೆ ಇಸವಿ ಮರೆತು ಎರಡೂ ಕಲಸಿಹೋಗಿದೆ ಅನ್ನೋದು ಒಂದು ವಾದ. ಇಲ್ಲ, 1896ರಲ್ಲಿ 60 ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ ಮೊದಲ ಆವೃತ್ತಿ ತೆಗೆದಳು, ಆಮೇಲೆ 35 ಮಿಲಿಮೀಟರಿಗೆ ಮತ್ತೆ ತೆಗೆದಳು, ಮೊದಲನೆಯದು ಕಳೆದುಹೋಯಿತು ಅನ್ನೋದು ಇನ್ನೊಂದು ವಾದ. ಗೋಮೋಂ ಕಂಪನಿ ಶುರುವಿನಲ್ಲಿ ಮಾರುತ್ತಿದ್ದದ್ದು 60 ಮಿಲಿಮೀಟರಿನ ಕ್ಯಾಮೆರಾವನ್ನೇ ಅನ್ನೋದು ನಿಜ.

ನನ್ನನ್ನು ಕೇಳಿದರೆ, ಈ ‘ಮೊದಲು’ ಅನ್ನುವ ಪಟ್ಟಕ್ಕೆ ನಾವು ಕೊಡುವ ಬೆಲೆ ಜಾಸ್ತಿಯಾಯಿತು. ಆರು ತಿಂಗಳು ಹಿಂದೆಯೋ ಮುಂದೆಯೋ ಅಂತ ಜಗಳ ಮಾಡ್ತಾ ಕೂತರೆ, ಯಾರೂ ತಕರಾರು ಮಾಡಲಾಗದ ದೊಡ್ಡ ಸಂಗತಿ ಮರೆಗೆ ಸರಿಯುತ್ತದೆ. ಸುಮಾರು ಹತ್ತು ವರ್ಷ, 1907ರವರೆಗೆ, ಫ್ರಾನ್ಸಿನ ದೊಡ್ಡ ಸಿನಿಮಾ ಕಂಪನಿಗಳಲ್ಲಿ ಒಂದರ ಚಿತ್ರನಿರ್ಮಾಣದ ಹೊಣೆ ಪೂರ್ತಿ ಈ ಹೆಂಗಸಿನ ಕೈಯಲ್ಲಿತ್ತು. ಯಾವ ಕಥೆ, ಯಾರು ನಟರು, ಎಲ್ಲಿ ಚಿತ್ರೀಕರಣ, ಯಾರನ್ನು ಕೆಲಸಕ್ಕೆ ತಗೋಬೇಕು, ಎಲ್ಲ ಅವಳ ತೀರ್ಮಾನ. ಮುಂದೆ ‘ಫಾಂತೋಮಾಸ್’ ಧಾರಾವಾಹಿ ಚಿತ್ರಗಳಿಂದ ಹೆಸರಾದ ಲೂಯಿ ಫೂಯಾದ್‌ನನ್ನು ಕಂಪನಿಗೆ ತಂದವಳು ಅವಳೇ. ಪತ್ತೇದಾರಿ ಚಿತ್ರಗಳ ವಿಕ್ತೋರಿನ್ ಜಾಸೆ ಅವಳ ಸಹಾಯಕನಾಗಿದ್ದ. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರ್ತಾವೆ.

ಮಾತಾಡುವ ಸಿನಿಮಾ 1927ರಲ್ಲಿ ಬಂತು ಅಂತ ನಾವು ಓದಿದ್ದೀವಿ. ಗೋಮೋಂ ಕಂಪನಿ ಕಳೆದ ಶತಮಾನದ ಶುರುವಿನಲ್ಲೇ ‘ಕ್ರೊನೊಫೋನ್’ ಅನ್ನುವ ಯಂತ್ರ ಮಾಡಿತ್ತು. ಗ್ರಾಮಾಫೋನಿನ ತಟ್ಟೆಯನ್ನೂ ಪ್ರೊಜೆಕ್ಟರನ್ನೂ ಜೋಡಿಸಿ ಒಟ್ಟಿಗೆ ಓಡಿಸುವುದು. ಮೊದಲು ಗಾಯಕರು ಬಂದು ಹಾಡನ್ನು ತಟ್ಟೆಗೆ ಹಾಡ್ತಾ ಇದ್ದರು. ಆಮೇಲೆ ಆ ತಟ್ಟೆಯನ್ನು ಹಾಕಿ, ಅವರು ಕ್ಯಾಮೆರಾ ಮುಂದೆ ಅದಕ್ಕೆ ಸರಿಯಾಗಿ ತುಟಿ ಆಡಿಸಬೇಕು. ನಮ್ಮ ಸಿನಿಮಾದ ಪ್ಲೇಬ್ಯಾಕ್ ಇದೇ ತಾನೆ! ಆಲಿಸ್ ಇಂಥ ನೂರಕ್ಕೂ ಹೆಚ್ಚು ಹಾಡಿನ ಚಿತ್ರಗಳನ್ನು ಮಾಡಿದಳು. ಒಂದರ ಚಿತ್ರೀಕರಣ ನಡೆಯುವಾಗ ಯಾರೋ ಪಕ್ಕದಿಂದ ಇನ್ನೊಂದು ಕ್ಯಾಮೆರಾ ತಿರುಗಿಸಿದ್ದಾರೆ, 1905ರ ಆ ತುಣುಕು ಉಳಿದಿದೆ. ದೊಡ್ಡ ಗಾಜಿನ ಸ್ಟುಡಿಯೊ, ಧ್ವನಿಯ ದೊಡ್ಡ ಕೊಳವೆಗಳು, ಸುತ್ತ ಗಂಡಸರು, ನಡುವೆ ಉದ್ದ ಲಂಗದ ಒಬ್ಬ ಹೆಂಗಸು ಆ ಕಡೆ ಈ ಕಡೆ ಓಡಾಡಿ ಎಲ್ಲರನ್ನೂ ಸರಿಯಾಗಿ ನಿಲ್ಲಿಸ್ತಾ ಇದ್ದಾಳೆ. ಯಾರು ಯಜಮಾನರು ಅಂತ ಯಾರೂ ಹೇಳಬೇಕಾಗಿಲ್ಲ.

ಅವಳ 1906ರ ಎರಡು ಚಿಕ್ಕ ಸಿನಿಮಾಗಳನ್ನು ಯಾರು ಬೇಕಾದರೂ ಈಗ ನೋಡಬಹುದು. ಒಂದರಲ್ಲಿ ಬಸುರಿ ಹೆಂಗಸೊಬ್ಬಳ ಬಯಕೆಗಳ ಕಥೆ. ಗಂಡ ಹಿಂದೆ ಕೈಗಾಡಿಯಲ್ಲಿ ಮೊದಲ ಮಗುವನ್ನು ತಳ್ಳಿಕೊಂಡು ಬರ್ತಾ ಇರ್ತಾನೆ. ಇವಳು ಮುಂದೆ ಮುಂದೆ ಹೋಗಿ ಮಗುವೊಂದರ ಕೈಯಿಂದ ಲಾಲಿಪಾಪ್ ಕಿತ್ತುಕೊಳ್ತಾಳೆ, ಹೋಟೆಲಿನಲ್ಲಿ ಕೂತವನ ಮದ್ಯದ ಗ್ಲಾಸು ಎತ್ತಿ ಕುಡೀತಾಳೆ, ಭಿಕ್ಷುಕನ ಮೀನು ತಿಂತಾಳೆ, ದಾರಿಹೋಕನ ಪೈಪು ಸೇದ್ತಾಳೆ. ಪ್ರತಿ ಸಲವೂ ಕ್ಯಾಮೆರಾ ಅವಳ ಮುಖದ ಹತ್ತಿರಕ್ಕೆ ಬರುತ್ತೆ. ಆ ಮುಖದಲ್ಲಿ ನಾಚಿಕೆ ಇಲ್ಲ, ಪರಮ ಸುಖ ಮಾತ್ರ. ಕೊನೆಗೆ ಹೆರಿಗೆ ಆಗೋದು ಎಲ್ಲಿ ಅಂತೀರಿ? ಎಲೆಕೋಸಿನ ತೋಟದಲ್ಲೇ! ಕ್ಲೋಸಪ್ಪನ್ನು ಕಂಡುಹಿಡಿದವರು ಯಾರು ಅನ್ನೋ ಚರ್ಚೆ ಬೇಡ. ಬಯಕೆಯ ಹೆಂಗಸಿನ ಮುಖದಲ್ಲಿ ನೋಡುವಂಥದ್ದು ಏನಿದೆ ಅಂತ ಗೊತ್ತಿದ್ದವರೇ ಕ್ಯಾಮೆರಾವನ್ನು ಅಲ್ಲಿಗೆ ಒಯ್ದಿದ್ದಾರೆ, ಅಷ್ಟು ಸಾಕು.

ಇನ್ನೊಂದು ‘ಸ್ತ್ರೀವಾದದ ಪರಿಣಾಮಗಳು’. ಅದರಲ್ಲಿ ಗಂಡು ಹೆಣ್ಣಿನ ಪಾತ್ರಗಳು ಅದಲು ಬದಲು. ಗಂಡಸರು ಮನೆಯಲ್ಲಿ ಹೊಲಿಯುತ್ತಾ, ಇಸ್ತ್ರಿ ಮಾಡುತ್ತಾ, ಮಕ್ಕಳನ್ನು ಸಂಭಾಳಿಸುತ್ತಾ ಇರ್ತಾರೆ. ಹೆಂಗಸರು ಕೆಫೆಯಲ್ಲಿ ಕಾಲು ಚಾಚಿ ಕೂತು ಕುಡೀತಾ, ಸೇದ್ತಾ, ಬೀದಿಯಲ್ಲಿ ಗಂಡಸರನ್ನು ಚುಡಾಯಿಸ್ತಾ ಇರ್ತಾರೆ. ಕೊನೆಗೆ ಗಂಡಸರು ದಂಗೆಯೆದ್ದು ಹೆಂಗಸರನ್ನು ಕೆಫೆಯಿಂದ ಓಡಿಸಿ ತಾವು ಕೂರ್ತಾರೆ. ಮೇಲ್ನೋಟಕ್ಕೆ ಇದು ಹೆಂಗಸರನ್ನು ಗೇಲಿ ಮಾಡುವ ಚಿತ್ರ. ಆದರೆ ನೋಡ್ತಾ ನೋಡ್ತಾ ಗಂಡಸಾದ ನನಗೇ ಕಸಿವಿಸಿ ಆಯಿತು. ಯಾಕಂದರೆ ಅದರಲ್ಲಿ ಹೆಂಗಸರು ಮಾಡುವ ಯಾವ ಕೆಲಸವೂ ಕಲ್ಪನೆಯದಲ್ಲ. ಅವೆಲ್ಲ ಗಂಡಸರು ದಿನಾ ಬೀದಿಯಲ್ಲಿ ಮಾಡುತ್ತಿದ್ದದ್ದೇ, ಬಟ್ಟೆ ಮಾತ್ರ ಬದಲಾಗಿದೆ.

ಅದೇ ವರ್ಷ ‘ಕ್ರಿಸ್ತನ ಜೀವನ’. 25 ದೃಶ್ಯ, ಸುಮಾರು 300 ಜನ ಸಹನಟರು, ಅರ್ಧ ಗಂಟೆಗೂ ಹೆಚ್ಚಿನ ಅವಧಿ. ಐದು ಹತ್ತು ನಿಮಿಷದ ಸಿನಿಮಾಗಳ ಕಾಲಕ್ಕೆ ಅದು ಮಹಾಕಾವ್ಯ. ಇದಕ್ಕೂ ನಮಗೂ ಒಂದು ಎಳೆಯ ನಂಟಿದೆ. ದಾದಾಸಾಹೇಬ್ ಫಾಲ್ಕೆ ಮುಂಬಯಿಯ ಥಿಯೇಟರೊಂದರಲ್ಲಿ ಕ್ರಿಸ್ತನ ಜೀವನದ ಚಿತ್ರ ನೋಡಿ, ನಮ್ಮ ರಾಮ ಕೃಷ್ಣರನ್ನು ಹೀಗೆ ಪರದೆಯ ಮೇಲೆ ಯಾವಾಗ ನೋಡ್ತೀವಿ ಅಂತ ತವಕಿಸಿದ್ದನ್ನು ತಾವೇ ಬರೆದುಕೊಂಡಿದ್ದಾರೆ. 1913ರ ‘ರಾಜಾ ಹರಿಶ್ಚಂದ್ರ’ ಹುಟ್ಟಿದ್ದು ಆ ತವಕದಿಂದ. ಫಾಲ್ಕೆ ನೋಡಿದ್ದು ಆಲಿಸ್‌ಳ ಚಿತ್ರವನ್ನು ಅಂತ ಕೆಲವರು ಬರೀತಾರೆ, ಪಾಥೆ ಕಂಪನಿಯವರ ಚಿತ್ರವನ್ನು ಅಂತ ಇನ್ನು ಕೆಲವರು. ಯಾಕೆ ಈ ಗೊಂದಲ? ಆ ಕಾಲದ ಸಿನಿಮಾಗಳಲ್ಲಿ ನಿರ್ದೇಶಕರ ಹೆಸರೇ ಹಾಕ್ತಿರಲಿಲ್ಲ. ಕಂಪನಿಯ ಮುದ್ರೆ ಇದ್ದರೆ ಆಯಿತು. ಸೋಪಿನ ಮೇಲೆ ಸೋಪು ಮಾಡಿದವನ ಹೆಸರು ಇರುತ್ತಾ? ಹಾಗೆ.

ಚಿತ್ರೀಕರಣವೊಂದರಲ್ಲಿ ಆಲಿಸಳಿಗೆ ಹರ್ಬರ್ಟ್ ಬ್ಲಾಶೆ ಪರಿಚಯವಾದ. ಅವನೂ ಗೋಮೋಂ ಕಂಪನಿಯವನೇ, ಅವಳಿಗಿಂತ ಚಿಕ್ಕವನು. 1907ರಲ್ಲಿ ಮದುವೆ. ಅದಾಗಿ ಕೆಲವೇ ದಿನಕ್ಕೆ ಕ್ರೊನೊಫೋನ್ ಮಾರಲಿಕ್ಕೆ ಅಂತ ಗಂಡನನ್ನು ಕಂಪನಿ ಅಮೆರಿಕಕ್ಕೆ ಕಳಿಸಿತು. ಹತ್ತು ವರ್ಷ ಕಟ್ಟಿದ ಕೆಲಸವನ್ನು ಫೂಯಾದ್‌ನ ಕೈಗೆ ಒಪ್ಪಿಸಿ, ಆಲಿಸ್ ಕೂಡ ಹಡಗು ಹತ್ತಿದಳು. ಇಂಗ್ಲಿಷ್ ಬರ್ತಿರಲಿಲ್ಲ. 1908ರಲ್ಲಿ ಮಗಳು ಹುಟ್ಟಿದಳು. ಎರಡು ವರ್ಷ ಮನೆಯಲ್ಲಿ ಕೂತಳು.

ಕೂತದ್ದು ಎರಡೇ ವರ್ಷ. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಗೋಮೋಂ ಕಂಪನಿಯ ಸ್ಟುಡಿಯೊ ಅರ್ಧ ದಿನ ಖಾಲಿ ಬಿದ್ದಿರ್ತಿತ್ತು. 1910ರಲ್ಲಿ ಅದನ್ನೇ ಉಪಯೋಗಿಸಿಕೊಂಡು ಆಕೆ ಸೊಲಾಕ್ಸ್ ಅನ್ನುವ ಸ್ವಂತ ಕಂಪನಿ ಶುರು ಮಾಡಿದಳು. 1912ರ ಹೊತ್ತಿಗೆ ನದಿಯಾಚೆ ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ಸ್ವಂತ ಸ್ಟುಡಿಯೊ ಎದ್ದಿತು. ಖರ್ಚು ಒಂದು ಲಕ್ಷ ಡಾಲರಿಗೂ ಮೇಲೆ. ಹಾಲಿವುಡ್ ಇನ್ನೂ ಹಾಲಿವುಡ್ ಆಗಿರದ ಕಾಲ ಅದು, ಅಮೆರಿಕದ ಸಿನಿಮಾ ಊರು ಅಂದರೆ ಫೋರ್ಟ್ ಲೀ. ಆ ಸ್ಟುಡಿಯೊ ಕಟ್ಟುವ ವರ್ಷವೇ ಎರಡನೇ ಮಗುವೂ ಹುಟ್ಟಿತು. ಅಮೆರಿಕದಲ್ಲಿ ಹೆಂಗಸರಿಗೆ ದೇಶವ್ಯಾಪಿ ಮತದ ಹಕ್ಕು ಸಿಕ್ಕಿದ್ದು 1920ರಲ್ಲಿ ಅನ್ನೋದನ್ನು ಇದರ ಪಕ್ಕ ಇಟ್ಟು ನೋಡಿ. ವೋಟು ಹಾಕಲು ಯೋಗ್ಯಳಲ್ಲ, ಸ್ಟುಡಿಯೊ ನಡೆಸಲು ಯೋಗ್ಯಳು!

ಸ್ಟುಡಿಯೊದ ಗೋಡೆಯ ಮೇಲೆ ದೊಡ್ಡದಾಗಿ ಒಂದು ಫಲಕ ತೂಗು ಹಾಕಿದ್ದಳು: ‘ಸಹಜವಾಗಿರಿ’. ನಟರೆಲ್ಲ ರಂಗಭೂಮಿಯಿಂದ ಬಂದವರು, ಕೈ ಬೀಸಿ ಕಣ್ಣು ಹೊರಳಿಸಿ ಅಭಿನಯಿಸುವವರು. ಕ್ಯಾಮೆರಾ ಮುಂದೆ ಅಷ್ಟೆಲ್ಲ ಬೇಡ ಅಂತ ಅವಳಿಗೆ ಆಗಲೇ ಗೊತ್ತಾಗಿತ್ತು. ಅದೇ 1912ರಲ್ಲಿ ‘ಒಬ್ಬ ಮೂರ್ಖ ಮತ್ತು ಅವನ ದುಡ್ಡು’ ಅಂತ ಒಂದು ಚಿತ್ರ ಮಾಡಿದಳು. ಕರಿಯರ ಜತೆ ನಟಿಸಲು ಬಿಳಿಯ ನಟರು ಒಪ್ಪಲಿಲ್ಲ. ಹಾಗಾದರೆ ಪೂರ್ತಿ ಕರಿಯ ನಟರನ್ನೇ ಇಟ್ಟುಕೊಂಡು ಮಾಡ್ತೀನಿ ಅಂತ ಮಾಡಿದಳು. ಬರೀ ಆಫ್ರಿಕನ್ ಅಮೆರಿಕನ್ ನಟರೇ ಇರುವ ಉಳಿದಿರುವ ಚಿತ್ರಗಳಲ್ಲಿ ಅದು ತೀರಾ ಹಳೆಯದೆಂದು ಲೆಕ್ಕ. ಹಾಗಂತ ಆ ಚಿತ್ರ ದೋಷವಿಲ್ಲದ್ದೇನೂ ಅಲ್ಲ. ದುಡ್ಡು ಸಿಕ್ಕ ಕರಿಯ ಮನುಷ್ಯ ಠೀವಿ ಮಾಡಿ ಎಲ್ಲ ಕಳಕೊಳ್ಳುವುದನ್ನು ನೋಡಿ ನಗುವಂತೆ ಮಾಡಿದ ಕಥೆ ಅದು. ಆ ಕಾಲದ ಬಿಳಿಯರ ನೋಟ ಅದರಲ್ಲೂ ಇದೆ. ಅದನ್ನು ಮುಚ್ಚಿಡಬೇಕಾಗಿಲ್ಲ.

ಸೊಲಾಕ್ಸ್ ನಾಲ್ಕೈದು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಹೊರಗೆ ಬಿಟ್ಟಿತು. ಹಾಸ್ಯ, ಪಾಶ್ಚಿಮಾತ್ಯ ಕೌಬಾಯ್ ಕಥೆ, ಸಂಸಾರದ ಜಗಳ, ಎಲ್ಲ. 1913ರ ಒಂದು ಚಿತ್ರಕ್ಕೆ ನಿಜವಾದ ದೋಣಿಯನ್ನೇ ಸ್ಫೋಟಿಸಿದಳು. ಪತ್ರಿಕೆಗಳು ಅವಳ ಬಗ್ಗೆ ಬರೆದವು. 1914ರಲ್ಲಿ ಅವಳೇ ಒಂದು ಸಿನಿಮಾ ಪತ್ರಿಕೆಯಲ್ಲಿ ಲೇಖನ ಬರೆದು, ಚಿತ್ರನಿರ್ಮಾಣದಲ್ಲಿ ಹೆಂಗಸರು ಮಾಡಲಾಗದ ಕೆಲಸ ಯಾವುದೂ ಇಲ್ಲ ಅಂತ ವಾದಿಸಿದಳು. 1917ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟಳು.

ಆಮೇಲೆ ಎಲ್ಲ ಒಟ್ಟಿಗೆ ಕುಸಿಯಿತು. ಸಿನಿಮಾಗಳ ಉದ್ದ ಬೆಳೆಯಿತು, ಖರ್ಚು ಏರಿತು, ಹಂಚಿಕೆ ದೊಡ್ಡ ಕಂಪನಿಗಳ ಕೈಗೆ ಹೋಯಿತು. ಬಿಸಿಲು, ಜಾಗ, ಅಗ್ಗದ ಕೂಲಿ ಹುಡುಕಿಕೊಂಡು ಉದ್ಯಮವೇ ಕ್ಯಾಲಿಫೋರ್ನಿಯಾಕ್ಕೆ ಗಂಟುಮೂಟೆ ಕಟ್ಟಿತು. ಯುದ್ಧಕಾಲದ ಕಲ್ಲಿದ್ದಲ ಅಭಾವದಲ್ಲಿ ಫೋರ್ಟ್ ಲೀಯ ಸ್ಟುಡಿಯೊಗಳು ಚಳಿಗಾಲದಲ್ಲಿ ತಣ್ಣಗಾದವು. 1918ರಲ್ಲಿ ಗಂಡ ಅವಳನ್ನೂ ಮಕ್ಕಳನ್ನೂ ಬಿಟ್ಟು ಹಾಲಿವುಡ್ಡಿಗೆ ಹೊರಟುಹೋದ. ಆಲಿಸಳಿಗೆ ಸ್ಪ್ಯಾನಿಷ್ ಜ್ವರ ಬಂತು, ಸಾಯಲಿಲ್ಲ. ಸ್ವಲ್ಪ ಕಾಲ ಅದೇ ಗಂಡನ ಚಿತ್ರಗಳಿಗೆ ಸಹಾಯಕಿಯಾಗಿಯೂ ದುಡಿದಳು. ಒಂದು ಕಾಲಕ್ಕೆ ಫೂಯಾದ್, ಜಾಸೆಯರನ್ನು ಕೆಲಸಕ್ಕೆ ಇಟ್ಟುಕೊಂಡವಳು. ಅವಳ ಕೊನೆಯ ಚಿತ್ರ ಬಿಡುಗಡೆಯಾದದ್ದು 1920ರಲ್ಲಿ. ಸಾಲಕ್ಕೆ ಸ್ಟುಡಿಯೊ ಹರಾಜಾಯಿತು. ವಿಚ್ಛೇದನವಾಯಿತು. 1922ರಲ್ಲಿ ಇಬ್ಬರು ಮಕ್ಕಳನ್ನು ಕರಕೊಂಡು ಫ್ರಾನ್ಸಿಗೆ ವಾಪಸ್ಸು ಬಂದಳು. ಆಗ ಅವಳಿಗೆ 49 ವರ್ಷ.

ಫ್ರಾನ್ಸಿನಲ್ಲಿ ಕೆಲಸ ಕೇಳಿದಳು. ಸಿಗಲಿಲ್ಲ. ಅಲ್ಲಿ ಅವಳನ್ನು ನೆನಪಿಟ್ಟವರೇ ಕಡಿಮೆ, ತೋರಿಸೋಣ ಅಂದರೆ ಕೈಯಲ್ಲಿ ಒಂದು ಸಿನಿಮಾದ ಪ್ರತಿಯೂ ಇಲ್ಲ. 1927ರಲ್ಲಿ ಅಮೆರಿಕಕ್ಕೆ ಹೋಗಿ ತನ್ನ ಚಿತ್ರಗಳಿಗಾಗಿ ಹುಡುಕಿದಳು. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲೂ ಸಿಗಲಿಲ್ಲ. ಆ ಕಾಲದ ಫಿಲ್ಮು ನೈಟ್ರೇಟಿನದು, ಬೆಂಕಿ ಕಂಡರೆ ಭಗ್ ಅಂತ ಹತ್ತಿಕೊಳ್ಳುವಂಥದ್ದು. ಆಟ ಮುಗಿದ ಪ್ರತಿಗಳನ್ನು ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸುತ್ತಿದ್ದರು. ಅವಳೊಬ್ಬಳ ಕಥೆಯಲ್ಲ ಇದು. ಅಮೆರಿಕದ ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದಿರುವುದು ಶೇಕಡಾ 14 ಮಾತ್ರ ಅಂತ ಅದೇ ಲೈಬ್ರರಿ 2013ರಲ್ಲಿ ಲೆಕ್ಕ ಹಾಕಿತು. ಆದರೆ ಗ್ರಿಫಿತ್‌ನ ಚಿತ್ರ ಕಳೆದರೂ ಗ್ರಿಫಿತ್‌ನ ಹೆಸರು ಉಳಿಯಿತು. ಇಲ್ಲಿ ಚಿತ್ರದ ಜತೆ ಹೆಸರೂ ಹೋಯಿತು.

ಅದಾಗಿದ್ದು ಹೇಗೆ ಅಂತ ಹುಡುಕಿದರೆ ಒಬ್ಬ ಖಳನಾಯಕ ಸಿಗೋದಿಲ್ಲ. 1930ರ ಸುಮಾರಿಗೆ ಗೋಮೋಂ ತನ್ನ ಕಂಪನಿಯ ಇತಿಹಾಸ ಬರೆಸಿದ. ಅದರಲ್ಲಿ 1907ಕ್ಕಿಂತ ಮುಂಚಿನ ಚಿತ್ರನಿರ್ಮಾಣದ ಸುದ್ದಿಯೇ ಇಲ್ಲ. ಯಂತ್ರಗಳ ಬಗ್ಗೆ ಉಂಟು, ಪೇಟೆಂಟುಗಳ ಬಗ್ಗೆ ಉಂಟು. ಅವನು ಕೆಟ್ಟವನಲ್ಲ, ಎಂಜಿನಿಯರು. ಅವನ ಮಟ್ಟಿಗೆ ಕಂಪನಿ ಅಂದರೆ ಯಂತ್ರ. ಆಲಿಸ್ ಪತ್ರ ಬರೆದಳು. ಸರಿಪಡಿಸ್ತೀನಿ ಅಂತ ಅವನೂ ಮಾತು ಕೊಟ್ಟ. ಸರಿಪಡಿಸಿದ್ದು ಅಚ್ಚಾಗಲಿಲ್ಲ, 1946ರಲ್ಲಿ ಅವನೂ ಹೋದ.

ಆಮೇಲೆ ಇತಿಹಾಸಕಾರರು ಬಂದರು. ಫ್ರಾನ್ಸಿನ ದೊಡ್ಡ ಸಿನಿಮಾ ಇತಿಹಾಸಕಾರ ಜಾರ್ಜ್ ಸಾದೂಲ್ ತುಂಬಾ ಶ್ರಮ ಪಟ್ಟವನೇ. ಆದರೆ ಅವನ ಮುಂದೆ ಇದ್ದದ್ದು ಹೆಸರಿಲ್ಲದ ಕ್ಯಾಟಲಾಗುಗಳು, ಮುದಿ ನಟರ ನೆನಪುಗಳು. ಹೆಸರಿಲ್ಲದ ಚಿತ್ರಕ್ಕೆ ಹೆಸರು ಹಚ್ಚುವಾಗ ಗೊತ್ತಿದ್ದ ಹೆಸರನ್ನೇ ಹಚ್ಚುವುದು ಸುಲಭ. ‘ಕ್ರಿಸ್ತನ ಜೀವನ’ ಜಾಸೆಯ ಲೆಕ್ಕಕ್ಕೆ ಹೋಯಿತು. ಇನ್ನು ಕೆಲವು ಫೂಯಾದ್ ಮುಂತಾದವರ ಲೆಕ್ಕಕ್ಕೆ ಹೋದವು. ಅಂದರೆ ಅವಳೇ ಕೆಲಸಕ್ಕೆ ಇಟ್ಟುಕೊಂಡವರ ಹೆಸರಿನಲ್ಲಿ ಅವಳ ಚಿತ್ರಗಳು! ಯಜಮಾನ ಬರೆಯಲಿಲ್ಲ, ಕ್ಯಾಟಲಾಗಿನಲ್ಲಿ ಇರಲಿಲ್ಲ, ಪ್ರತಿ ಕರಗಿತು, ಕೊನೆಗೆ ವಿದ್ವಾಂಸ ಊಹಿಸಿದ. ಒಬ್ಬೊಬ್ಬರದೂ ಸಣ್ಣ ತಪ್ಪು. ನಾಲ್ಕೂ ಸೇರಿ ಒಂದು ಜೀವಮಾನವನ್ನು ಅಳಿಸಿದವು. ನಮ್ಮ ಮನೆಗಳ ವಂಶವೃಕ್ಷ ಬರೆಯುವಾಗಲೂ ಹೀಗೇ ಆಗುತ್ತೆ, ಗಮನಿಸಿ ನೋಡಿ. ಅಜ್ಜನ ಅಜ್ಜನ ಹೆಸರು ಸಿಗುತ್ತೆ. ಅಜ್ಜನ ಅಜ್ಜಿಯ ಹೆಸರು ಕೇಳಿದರೆ ಯಾರಿಗೂ ಗೊತ್ತಿರೋದಿಲ್ಲ. ಯಾರೂ ಬೇಕಂತ ಮುಚ್ಚಿಟ್ಟದ್ದಲ್ಲ, ಬರೆದಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ ಅಷ್ಟೆ.

ಆಲಿಸ್ ಸುಮ್ಮನೆ ಕೂರಲಿಲ್ಲ ಅನ್ನೋದು ನನಗೆ ತುಂಬಾ ಹಿಡಿಸಿದ ಸಂಗತಿ. ಮಗಳು ಅಮೆರಿಕದ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡಿ ಅಮ್ಮನನ್ನು ಸಾಕಿದಳು. ಅಮ್ಮ ಮಕ್ಕಳ ಪತ್ರಿಕೆಗಳಿಗೆ ಕಥೆ ಬರೆದುಕೊಂಡು ನಾಲ್ಕು ಕಾಸು ಸಂಪಾದಿಸಿದಳು. ಜತೆಜತೆಗೆ ತನ್ನ ಸಿನಿಮಾಗಳ ಪಟ್ಟಿಯನ್ನು ನೆನಪಿನಿಂದಲೇ ಕಟ್ಟುತ್ತಾ ಹೋದಳು. ಅರವತ್ತು, ಎಪ್ಪತ್ತು ವಯಸ್ಸು ದಾಟಿದ ಮೇಲೆ ಇತಿಹಾಸಕಾರರಿಗೆ ಪತ್ರ ಬರೆದು, ಇದು ನನ್ನದು, ಇದು ಫೂಯಾದ್‌ನದು, ಇದಕ್ಕೆ ಜಾಸೆ ಸಹಾಯಕ ಅಂತ ತಿದ್ದುತ್ತಾ ಬಂದಳು. ಟೈಪಿಸ್ಟಾಗಿ ಶುರುವಾದ ಬದುಕು, ಕೊನೆಗೂ ಪತ್ರ ಬರೆಯುವುದಕ್ಕೇ ಬಂದು ನಿಂತಿತು. ಆತ್ಮಕಥೆ ಬರೆದಳು, ಬದುಕಿರುವಾಗ ಪ್ರಕಾಶಕರು ಸಿಗಲಿಲ್ಲ. 1950ರ ದಶಕದಲ್ಲಿ ಫ್ರಾನ್ಸ್ ಸರ್ಕಾರ ಲೀಜನ್ ಆಫ್ ಆನರ್ ಕೊಟ್ಟಿತು, ಪ್ಯಾರಿಸ್ಸಿನ ಸಿನಿಮಾತೆಕ್ ಸನ್ಮಾನ ಮಾಡಿತು. 1968ರ ಮಾರ್ಚ್ 24ರಂದು, ನ್ಯೂಜೆರ್ಸಿಯ ವೃದ್ಧರ ಆರೈಕೆ ಮನೆಯೊಂದರಲ್ಲಿ 94ನೇ ವಯಸ್ಸಿಗೆ ತೀರಿಕೊಂಡಳು. ಅವಳು ಕಟ್ಟಿದ ಸ್ಟುಡಿಯೊ ಇದ್ದದ್ದು ಅದೇ ರಾಜ್ಯದಲ್ಲಿ. ಪ್ರಪಂಚದ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿಯಾಗಲಿಲ್ಲ.

ಆತ್ಮಕಥೆ ಅಚ್ಚಾದದ್ದು 1976ರಲ್ಲಿ, ಅವಳು ಹೋಗಿ ಎಂಟು ವರ್ಷಕ್ಕೆ. ಆಮೇಲೆ ನಿಧಾನಕ್ಕೆ ಹುಡುಕಾಟ ಶುರುವಾಯಿತು. ಬೇರೆ ಬೇರೆ ದೇಶದ ಸಂಗ್ರಹಾಲಯಗಳಲ್ಲಿ, ಖಾಸಗಿಯವರ ಕೈಯಲ್ಲಿ, ತಪ್ಪು ಹೆಸರಿನ ಡಬ್ಬಿಗಳಲ್ಲಿ ಅವಳ ಚಿತ್ರಗಳು ಸಿಗತೊಡಗಿದವು. ಈವರೆಗೆ ಸುಮಾರು 150 ಸಿಕ್ಕಿವೆ. ಅಲಿಸನ್ ಮಕ್‌ಮಹನ್ 2002ರಲ್ಲಿ ಅವಳ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದರು. 2018ರಲ್ಲಿ ಪಮೇಲಾ ಗ್ರೀನ್ ಮಾಡಿದ ಸಾಕ್ಷ್ಯಚಿತ್ರಕ್ಕೆ ಆ ಸ್ಟುಡಿಯೊ ಗೋಡೆಯ ಮಾತೇ ಹೆಸರು: ‘ಬಿ ನ್ಯಾಚುರಲ್’. ಅವಳ ಸಮಾಧಿಯ ಮೇಲೆ ಹೆಸರು ಮತ್ತು ಇಸವಿ ಬಿಟ್ಟರೆ ಸಿನಿಮಾದ ಸುದ್ದಿ ಇರಲಿಲ್ಲ. 2012ರಲ್ಲಿ ಫೋರ್ಟ್ ಲೀಯವರು ಹೊಸ ಕಲ್ಲು ನೆಡಿಸಿ, ಇವಳು ಸಿನಿಮಾ ನಿರ್ದೇಶಕಿ, ಸ್ಟುಡಿಯೊ ಒಡತಿ ಅಂತ ಕೆತ್ತಿಸಿದರು.

ಚಿನ್ನದ ಪ್ರತಿಮೆ ಸೇನ್ ನದಿಯ ದಡದಲ್ಲಿ ಎದ್ದದ್ದು ಅದಕ್ಕೂ ಹನ್ನೆರಡು ವರ್ಷದ ಮೇಲೆ. ಸಂತೋಷವೇ. ಆದರೆ ಪ್ರತಿಮೆ ನೋಡಿ ಸುಮ್ಮನಾಗಬೇಡಿ. ಆ ಬಸುರಿ ಹೆಂಗಸಿನ ಸಿನಿಮಾ ನಾಲ್ಕೇ ನಿಮಿಷದ್ದು. ಒಂದು ಕಾಫಿ ಕುಡಿಯುವಷ್ಟು ಹೊತ್ತು. ಕದ್ದ ಲಾಲಿಪಾಪ್ ಚೀಪುತ್ತಾ ಅವಳು ಕಣ್ಣರಳಿಸುವುದನ್ನು ನೋಡಿ ನೀವು ನಕ್ಕೇ ನಗ್ತೀರಿ. ನಗಿಸಿದವಳ ಹೆಸರು ಈಗ ನಿಮಗೆ ಗೊತ್ತು.